ಬೆಚ್ಚಗಿದ್ದ ಬಾನೆಟ್ಟು

ಹೇಳದೆ ಯಾರ ಮನೆಗೂ ಹೋದವನಲ್ಲ ನಾನು. ಇತ್ತೀಚಿನವರೆಗೆ ಇದನ್ನೊಂದು ಗುಣವೆಂದೇ ತಿಳಿದಿದ್ದೆ. ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡು, ಗಂಟೆ ಬಾರಿಸಿದ ಮೇಲೆ ನಿದ್ದೆ ಬರಲಿ ಬಿಡಲಿ ಕಣ್ಣು ಮುಚ್ಚಬೇಕಾಗಿದ್ದ ವಸತಿ ಶಾಲೆಯಲ್ಲಿ ಬೆಳೆದವನಿಗೆ ಹಾಗೆ ಅನಿಸುವುದು ಸಹಜ. ಮುಧೋಳದ ನಮ್ಮ ಮನೆಯಿಂದ ಎರಡು ಓಣಿ ಆಚೆಗಿರುವ ತಂಗಿಯ ಮನೆಗೆ ಹೋಗಬೇಕಾದರೂ ಮೊದಲು ಫೋನು ಮಾಡುತ್ತೇನೆ. "ಬರ್ರಿ ಅಣ್ಣಾರ, ಬ್ಯಾಂಡಿನವ್ರಿಗೆ ಹೇಳಿ ಇಟ್ಟಿರ್ತೀನಿ" ಎಂದು ಅವಳು ಹಂಗಿಸುತ್ತಾಳೆ. ನಾನು ಅದನ್ನು ಸ್ವಾಗತವೆಂದೇ ತೆಗೆದುಕೊಳ್ಳುತ್ತೇನೆ.

ಈ ಗುಣ ನನ್ನನ್ನು ಪೇಚಿಗೆ ಸಿಲುಕಿಸಿದ್ದು ಒಂದು ಹಳೆಯ ಕಾರಿನ ವಿಷಯದಲ್ಲಿ.

ಆ ವಸತಿ ಶಾಲೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ವಸಂತ ಈಗ ಡೆಹ್ರಾಡೂನಿನಲ್ಲಿದ್ದಾನೆ. ಫೋನಿನಲ್ಲಿ ಮಾತು ನಡೆದೇ ಇದೆ, ಮುಖ ನೋಡಿ ಮಾತ್ರ ದಶಕಗಳಾದವು. ಹುಡುಗನಾಗಿದ್ದಾಗಿನಿಂದ ಅವನಿಗೊಂದು ಹುಚ್ಚು: ಎರಡೇ ಸೀಟಿನ, ನೆತ್ತಿ ಬಿಚ್ಚುವ, ಹೊಟ್ಟೆ ನೆಲಕ್ಕೆ ತಾಗುವಂತಿರುವ ವಿಲಾಯತಿ ಸ್ಪೋರ್ಟ್ಸ್ ಕಾರು. ಹಿಂದೊಮ್ಮೆ ಬರೀ ಫೋಟೋ ನೋಡಿ ಅಂಥದೊಂದನ್ನು ತರಿಸಿದ್ದ. ಲಾರಿಯಿಂದ ಇಳಿಸುವಾಗ ಮುಂಭಾಗ ಇಳಿಯಿತಂತೆ, ಹಿಂಭಾಗ ಲಾರಿಯಲ್ಲೇ ಉಳಿಯಿತಂತೆ. ಈಗ ಮತ್ತೊಂದು ಕಾರು ಅವನ ಕಣ್ಣಿಗೆ ಬಿದ್ದಿತ್ತು.

"ಜಮಖಂಡಿಯಾಗ ಐತಿ ಅಂತಲೇ, ನಿನ್ನ ಮನಿ ಬಾಗಲದಾಗ. ನೀ ಹೋಗಿ ನೋಡು. ನೀ ಹೂಂ ಅಂದ್ರ ತಗೋತೀನಿ. ಒಲ್ಲೆ ಅಂದ್ರ ಈ ಜನ್ಮದಾಗ ಮತ್ತ ಕಾರಿನ ಹೆಸರ ತಗಿಯಂಗಿಲ್ಲ."

ಗೆಳೆಯನ ಒಂದು ಜನ್ಮದ ಆಸೆ ನನ್ನ ಒಂದು ಅಕ್ಷರದ ಮೇಲೆ ನಿಂತಿತು. ಕಾರಿನ ಬಗ್ಗೆ ನನಗಿದ್ದ ಜ್ಞಾನವಾದರೋ ಬಾಗಿಲು ಸರಿಯಾಗಿ ಹಾಕಿದೆಯೇ ಎಂದು ನೋಡುವಷ್ಟು. ಆದರೆ ತಿಳಿಯದ್ದನ್ನು ಕುಳಿತು ಓದುವ ಅಭ್ಯಾಸ ಶಾಲೆ ಕೊಟ್ಟಿದೆ. ಓದಿದೆ. ಹಳೆಯ ಕಾರನ್ನು ಪರೀಕ್ಷಿಸುವ ಶಾಸ್ತ್ರದ ಸಾರ ಇಷ್ಟು: ನೀವು ಹೋದಾಗ ಎಂಜಿನ್ ತಣ್ಣಗಿರಬೇಕು. ಮೊದಲೇ ಬೆಚ್ಚಗೆ ಮಾಡಿಟ್ಟಿದ್ದರೆ, ತಣ್ಣಗಿದ್ದಾಗ ಅದು ಏಳುವುದಿಲ್ಲ ಎಂದು ತಿಳಿಯಿರಿ. ಕಾರಿನ ತಳಕ್ಕೆ ಹೊಸ ಬಣ್ಣವಿದ್ದರೆ ಅದರ ಕೆಳಗೆ ತುಕ್ಕಿದೆ. ಹೊಸ ಕಾರ್ಪೆಟ್ ಇದ್ದರೆ ಅದರ ಕೆಳಗೆ ತೂತಿದೆ. ಮೈಗೆ ಅಯಸ್ಕಾಂತ ಹಚ್ಚಿ ನೋಡಿ, ಅದು ಹಿಡಿಯದ ಕಡೆ ತಗಡಿಲ್ಲ, ತೂತು ಮುಚ್ಚಲು ಮೆತ್ತಿದ ಬರೀ ಲಪ್ಪ.

ಇದರಲ್ಲಿ ನನಗೆ ಹೊಸದೇನೂ ಕಾಣಲಿಲ್ಲ. ನಮ್ಮ ಕಡೆ ಎತ್ತು ಕೊಳ್ಳುವವರು ಕೋಡಿನ ಬಣ್ಣ ನೋಡುವುದಿಲ್ಲ, ಬಾಯಿ ತೆರೆದು ಹಲ್ಲು ನೋಡುತ್ತಾರೆ. ನನ್ನ ಹೆಂಡತಿ ಸುಶೀಲಾಳ ತವರು ಬನಹಟ್ಟಿ, ನೇಕಾರರ ಮನೆತನ. ಅಂಗಡಿಯಲ್ಲಿ ಸೀರೆ ಬಿಚ್ಚಿದ ಕೂಡಲೇ ಅದನ್ನು ಹಿಂದು ಮುಂದಾಗಿ ತಿರುವುತ್ತಾಳೆ. "ಮೈ ಎಲ್ಲಾರೂ ಛಂದ ನೇಯ್ತಾರ್ರೀ, ಬೆನ್ನ ನೋಡಬೇಕು" ಎನ್ನುತ್ತಾಳೆ. ಮದುವೆಗೆ ಮುಂಚೆ ನನ್ನನ್ನು ಹಾಗೆ ತಿರುವಿ ನೋಡಿದ್ದಳೇ ಎಂದು ಕೇಳುವ ಧೈರ್ಯ ನನಗೆ ಈವರೆಗೆ ಬಂದಿಲ್ಲ.

ಕಾರಿನ ಒಡೆಯರು ಜಮಖಂಡಿಯ ಶಿವಲಿಂಗಪ್ಪ ಸಾವಕಾರರು, ಬೆಲ್ಲದ ವ್ಯಾಪಾರ ಮಾಡಿ ಈಗ ಆರಾಮಾಗಿರುವವರು. ಗುರುವಾರ ಹತ್ತು ಗಂಟೆಗೆ ಬರುತ್ತೇನೆಂದು ಫೋನಿನಲ್ಲಿ ಹೇಳಿದೆ. "ಬರ್ರಿ ಬರ್ರಿ, ಎಲ್ಲಾ ತಯಾರ ಮಾಡಿ ಇಟ್ಟಿರ್ತೇವಿ" ಎಂದರು. ಆಗಲೇ ನನಗೆ ಹೊಳೆಯಬೇಕಿತ್ತು.

ಅಂಗಳದಲ್ಲಿ ಕೆಂಪು ಕಾರು ಮದುಮಗನಂತೆ ನಿಂತಿತ್ತು. ಬಾನೆಟ್ಟಿಗೆ ವಿಭೂತಿಯ ಮೂರು ಪಟ್ಟೆ, ಮುಂದೆ ಚೆಂಡುಹೂವಿನ ಮಾಲೆ, ಗಾಲಿಗಳ ಕೆಳಗೆ ನಿಂಬೆಹಣ್ಣು. ನಾನು ಶಾಸ್ತ್ರಪ್ರಕಾರ ಬಾನೆಟ್ಟಿನ ಮೇಲೆ ಅಂಗೈ ಇಟ್ಟೆ. ಆಗಷ್ಟೇ ಒಲೆಯಿಂದ ಇಳಿಸಿದ ಹಾಲಿನ ಪಾತ್ರೆಯ ಹಾಗೆ ಬೆಚ್ಚಗಿತ್ತು.

"ಸಾವಕಾರ್ರ, ಎಂಜಿನ್ ಬೆಚ್ಚಗ ಐತೆಲ್ರಿ?"

"ಮತ್ತ? ನೀವು ಮುಧೋಳದಿಂದ ಬರಾಕತ್ತೀರಿ, ತಣ್ಣಗ ಇಡಾಕ ಬರತೈತೇನ್ರಿ? ಮುಂಜಾನಿಂದ ಎರಡ ಸಲ ಚಾಲೂ ಮಾಡೇವಿ."

ಮನೆಯಿಂದ ತಂದಿದ್ದ ಚಾಪೆ ಹಾಸಿ, ಟಾರ್ಚು ಹಿಡಿದು ಕೆಳಗೆ ನುಸುಳಿದೆ. ಎಲ್ಲೆಡೆ ಹೊಸ ಕಪ್ಪು ಬಣ್ಣ. ಅದರಲ್ಲಿ ಒಂದಿಷ್ಟು ನನ್ನ ಮೂಗಿಗೂ ಹತ್ತಿತು. "ಮಂದಿ ನೋಡಾಕ ಬರ್ತಾರಂದ್ರ ಗ್ವಾಡಿಗೆ ಸುಣ್ಣ ಹಚ್ಚಂಗಿಲ್ಲೇನ್ರಿ? ಹಂಗ ಇದು" ಎಂದು ಸಾವಕಾರರ ಧ್ವನಿ ಮೇಲಿನಿಂದ ಕೇಳಿಸಿತು. ಒಳಗೆ ಹೊಸ ಕಾರ್ಪೆಟ್. ಜೇಬಿನಿಂದ ಅಯಸ್ಕಾಂತ ತೆಗೆದು ಬಾಗಿಲಿಗೆ ಹಚ್ಚಿದಾಗ ಅವರು ಭಕ್ತಿಯಿಂದ ನೋಡಿ, "ತಾಯತಾ ಏನ್ರಿ?" ಎಂದರು. ಅಷ್ಟರಲ್ಲಿ ಒಳಗಿಂದ ಊಟಕ್ಕೆ ಕರೆ ಬಂತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಮೂರನೆಯ ಹೋಳಿಗೆಯ ನಂತರ ಒಬ್ಬರ ಕಾರಿನ ಹೊಟ್ಟೆಯ ಕೆಳಗೆ ತೂರಿ ತಪ್ಪು ಹುಡುಕುವುದು ಮನುಷ್ಯನಿಂದ ಆಗುವ ಕೆಲಸವಲ್ಲ, ಮನಸ್ಸಿನ ದೃಷ್ಟಿಯಿಂದಲೂ, ಸೊಂಟದ ದೃಷ್ಟಿಯಿಂದಲೂ.

ಬಸ್ಸಿನಲ್ಲಿ ಮರಳುವಾಗ ತಲೆ ಕೆಟ್ಟಿತು. ಶಾಸ್ತ್ರದ ಪ್ರಕಾರ ಸಾವಕಾರರು ಅಪ್ಪಟ ಮೋಸಗಾರರು. ನಮ್ಮ ಸೀಮೆಯ ಪ್ರಕಾರ ಅಪ್ಪಟ ಸಜ್ಜನರು. ಮೋಸಗಾರ ಏನೇನು ಮಾಡುತ್ತಾನೆಂದು ಬರೆದಿತ್ತೋ ಅದನ್ನೆಲ್ಲ ನಾವು ಮನೆಗೆ ಬರುವವರಿಗಾಗಿ ಪ್ರೀತಿಯಿಂದ ಮಾಡುತ್ತೇವೆ. ಎರಡನ್ನೂ ಬೇರ್ಪಡಿಸುವ ಅಯಸ್ಕಾಂತ ನನ್ನಲ್ಲಿರಲಿಲ್ಲ.

ಮೂಗಿನ ಕಪ್ಪನ್ನೂ ನನ್ನ ಕಥೆಯನ್ನೂ ಪರಿಶೀಲಿಸಿದ ಸುಶೀಲಾ, "ಹೇಳಿ ಹೋದ್ರ ಹಿಂಗ ಆಗೋದು. ಹೇಳದ ಹೋಗ್ರಿ" ಎಂದು ತೀರ್ಪು ಕೊಟ್ಟಳು. ತಿಥಿ ಹೇಳದೆ ಬರುವವನೇ ಅತಿಥಿ ಎಂದು ಬಾಲ್ಯದಲ್ಲಿ ಓದಿದ್ದೆ. ಆ ಲೆಕ್ಕದಲ್ಲಿ ನಾನು ಇಡೀ ಬಾಳಿನಲ್ಲಿ ಒಮ್ಮೆಯೂ ಯಾರಿಗೂ ಅತಿಥಿಯಾದವನಲ್ಲ, ಬರೀ ತಪಾಸಣಾಧಿಕಾರಿ. ಅತ್ತ ವಸಂತ ದಿನಾ ಬೆಳಿಗ್ಗೆ ಫೋನು ಮಾಡಿ, "ಏನಾತಲೇ?" ಎನ್ನುತ್ತಿದ್ದ. ಹೂಂ ಎನ್ನಲಾರೆ, ಒಲ್ಲೆ ಎನ್ನಲಾರೆ. "ಇನ್ನೂ ನೋಡಾಕತ್ತೇನಿ" ಎನ್ನುತ್ತಿದ್ದೆ.

ಕೊನೆಗೆ ಚಿಮ್ಮಡದಲ್ಲಿ ಒಂದು ಮದುವೆ ಮುಗಿಸಿಕೊಂಡು, ಮುಧೋಳದ ಬಸ್ಸು ಬಿಟ್ಟು ಜಮಖಂಡಿಯ ಬಸ್ಸು ಹತ್ತಿದೆ. ಸಾವಕಾರರ ಓಣಿಯಲ್ಲಿ ಕೈ ತಾನಾಗಿಯೇ ಜೇಬಿನ ಫೋನಿಗೆ ಹೋಯಿತು. ಕೈಯನ್ನು ಗದರಿಸಿ ಬರಿದಾಗಿಯೇ ಹೊರಗೆ ತೆಗೆದೆ. ಕಟ್ಟೆಯ ಮೇಲೆ ಹರಿದ ಬನಿಯನ್ನು, ಪಟ್ಟಾಪಟ್ಟಿ ಚಡ್ಡಿಯಲ್ಲಿ ಸಾವಕಾರರು ಶೇಂಗಾ ಸುಲಿಯುತ್ತ ಕೂತಿದ್ದರು. ಗಡ್ಡ ಬೆಳೆದಿತ್ತು. ನನ್ನನ್ನು ಕಂಡು ಒಂದು ಕ್ಷಣ ಗಾಬರಿಯಾಗಿ, ಆಮೇಲೆ ನಕ್ಕುಬಿಟ್ಟರು.

"ಹೇಳಿದ್ರ ಒಂದ ಅಂಗೀನರ ಹಾಕೋತಿದ್ದೆಲ್ರಿ."

ಬಾನೆಟ್ಟು ಕಲ್ಲಿನಂತೆ ತಣ್ಣಗಿತ್ತು. ಕೀಲಿ ತಿರುವಿದರೆ ಎಂಜಿನ್ ಕೆಮ್ಮಿತು, ಸುಮ್ಮನಾಯಿತು, ಮತ್ತೆ ಕೆಮ್ಮಿ, ಒಂದಿಷ್ಟು ನೀಲಿ ಹೊಗೆ ಉಗುಳಿ, ಎದ್ದಿತು. ಎದ್ದ ಮೇಲೆ ಅದರ ಉಸಿರು ಒಂದೇ ಸಮ. ನಾನು ಕೇಳುವ ಮೊದಲೇ ಸಾವಕಾರರು ಕಾರ್ಪೆಟ್ ಎತ್ತಿದರು. ಎಡಸೀಟಿನ ಮುಂದೆ ಅಂಗೈಯಗಲದ ತೂತು, ಅದರಲ್ಲಿ ಅವರ ಅಂಗಳ ಕಾಣುತ್ತಿತ್ತು.

"ಅವತ್ತ ಇದನ್ನ ತೋರಿಸಲಿಲ್ಲಲ್ರಿ" ಎಂದೆ.

"ಅವತ್ತ ನೀವು ಹೇಳಿ ಕಳಿಸಿ ಬೀಗರಂಗ, ಪಾವಣ್ಯಾರಾಗಿ ಬಂದಿದ್ರಿ. ಪಾವಣ್ಯಾರಿಗೆ ಹರಕ ಚಾಪಿ ಹಾಸ್ತಾರೇನ್ರಿ?"

ಚಿಕ್ಕಪಡಸಲಗಿಯ ಬ್ಯಾರೇಜಿನವರೆಗೆ ಹೋಗಿಬಂದೆವು. ನನ್ನ ಕಾಲ ಬುಡದಲ್ಲಿ ರಸ್ತೆ ಹಿಂದಕ್ಕೆ ಓಡುತ್ತಿತ್ತು. "ಎರಡನೇ ಗೇರ್ ಸಿಟ್ಟಾಗೈತ್ರಿ, ಒಂದರಿಂದ ಸೀದಾ ಮೂರಕ್ಕ ಹೋಗಬೇಕು" ಎಂದು ಹೇಳುತ್ತಲೇ ಸಾವಕಾರರು ಓಡಿಸಿದರು. ಇಷ್ಟು ಅಕ್ಕರೆಯಿಂದ ಓಡಿಸುವವರು ಮಾರುವುದೇಕೆಂದು ಕೇಳಿದೆ. ಉತ್ತರ ಕೃಷ್ಣೆಯ ದಂಡೆಯಲ್ಲಿ ಸಿಕ್ಕಿತು. ಇಳಿಯಲು ಹೋದರೆ ಅವರ ಮಂಡಿ ಏಳಲಿಲ್ಲ, ನನ್ನದೂ ಏಳಲಿಲ್ಲ. ಕಬ್ಬಿನ ಟ್ರ್ಯಾಕ್ಟರಿನವನೊಬ್ಬ ನಿಲ್ಲಿಸಿ, ಇಬ್ಬರನ್ನೂ ಗಡ್ಡೆ ಕಿತ್ತ ಹಾಗೆ ಕಿತ್ತು ಹೊರಗಿಟ್ಟ. "ಕಾರು ಛಲೋ ಐತ್ರಿ, ನಾವ ಕೆಟ್ಟೇವಿ" ಎಂದರು ಸಾವಕಾರರು.

ಅಂದು ಊಟ ನಿನ್ನೆಯ ರೊಟ್ಟಿ, ಮೊಸರು, ಶೇಂಗಾ ಚಟ್ನಿ. ಹೋಳಿಗೆಗಿಂತ ರುಚಿಯಾಗಿತ್ತು.

ಮನೆಗೆ ಬಂದು ವಸಂತನಿಗೆ ಎಲ್ಲ ಹೇಳಿದೆ: ಕೆಮ್ಮು, ಹೊಗೆ, ತೂತು, ಗೇರು, ಮಂಡಿ.

"ಅಂದ್ರ ಒಲ್ಲೆ ಅಂತೀ?"

"ಇಲ್ಲಲೇ. ಹೂಂ ಅಂತೀನಿ."

"ಇಷ್ಟೆಲ್ಲಾ ಹೇಳಿ?"

"ಇಷ್ಟೆಲ್ಲಾ ಗೊತ್ತಾತಲ್ಲ, ಅದಕ್ಕ."

ಹೇಳದೆ ಹೋಗಿ ನೋಡಿದ ನನ್ನ ಸಾಹಸವನ್ನೂ ವಿವರಿಸಿದೆ. ಅವನು ಬಿದ್ದು ಬಿದ್ದು ನಕ್ಕು, ಕಾರು ಒಯ್ಯಲು ತಾನೇ ಬರುತ್ತೇನೆ, ಭಾನುವಾರ ಮುಟ್ಟುತ್ತೇನೆ, ನಮ್ಮ ಮನೆಯಲ್ಲೇ ಇಳಿಯುತ್ತೇನೆ ಎಂದ.

ಅಂದಿನಿಂದ ನಮ್ಮ ಮನೆಯಲ್ಲಿ ಕೆಲಸವೋ ಕೆಲಸ. ಪಡಸಾಲೆಗೆ ಬಣ್ಣ, ಮಂಚಕ್ಕೆ ಹೊಸ ಚಾದರ. ಕಟಾಂಜನ ಹಿಡಿಯದೆ ಮೆಟ್ಟಿಲು ಹತ್ತುವುದನ್ನು ನಾನು ಗುಟ್ಟಾಗಿ ರೂಢಿ ಮಾಡಿಕೊಳ್ಳತೊಡಗಿದೆ. ಶನಿವಾರ ಬೆಳಿಗ್ಗೆ ಹಿತ್ತಲಿನ ಕನ್ನಡಿಯ ಮುಂದೆ ಕೂತು ಮೀಸೆಗೆ ಕಪ್ಪು ಹಚ್ಚುತ್ತಿದ್ದೆ. ಸುಶೀಲಾ ಬಂದು ನಿಂತು ನೋಡಿದಳು.

"ಏನ್ರೀ, ಬಾನೆಟ್ಟು ಬೆಚ್ಚಗ ಮಾಡಾಕತ್ತೀರಿ?"

ಇನ್ನೂ ಅರ್ಧ ಮೀಸೆ ಉಳಿದಿತ್ತು. ಅಷ್ಟರಲ್ಲಿ ಮುಂಬಾಗಿಲ ಸಪ್ಪಳವಾಯಿತು. ಹೆಗಲಿಗೆ ಚೀಲ ಹಾಕಿಕೊಂಡ, ಹಲ್ಲು ಕಡಿಮೆ ನಗು ಜಾಸ್ತಿ ಇರುವ ಮುದುಕನೊಬ್ಬ ನೇರ ಹಿತ್ತಲಿಗೇ ಬಂದ.

"ನಾಳೆ ಬರ್ತೀನಿ ಅಂದಿದ್ದೆಲ್ಲಲೇ, ವಸಂತ?"

"ನೀನ ಹೇಳಿದ್ಯಲ್ಲಲೇ, ನೋಡಾಕ ಹೋಗೂದಿದ್ರ ಹೇಳದ ಹೋಗಬೇಕಂತ."

ಎದ್ದು ನಿಲ್ಲಲು ಹೋದರೆ ಮಂಡಿ ಕಟಕಟ ಎಂದಿತು. ಅವನು ಕಿವಿಗೊಟ್ಟು ಕೇಳಿದ. ನನ್ನ ಸುತ್ತ ಒಂದು ಸುತ್ತು ಬಂದ. ಹಳೆಯ ಲುಂಗಿ, ತೂತು ಬನಿಯನ್ನು, ಒಂದು ಕಡೆ ಕಪ್ಪು ಒಂದು ಕಡೆ ಬಿಳುಪಾದ ಮೀಸೆ, ಎಲ್ಲವನ್ನೂ ನೋಡಿದ. ಆಮೇಲೆ ಕೂದಲಿಲ್ಲದ ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟು ತುಸು ಹೊತ್ತು ನಿಂತ.

"ತಣ್ಣಗ ಐತಿ" ಎಂದ. ಕೈ ತೆಗೆಯದೆಯೇ, "ಹೂಂ" ಎಂದ.