ಹಾಲಿನ ಜಾಗದಲ್ಲಿಟ್ಟ ಔಷಧ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಎಡಗೈಯದೂ ಇರಬಹುದು, ಬಲಗೈ ಎಂದೇ ಬರೆಯುತ್ತೇನೆ. ರೈಲ್ವೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಔಷಧ ಕೊಟ್ಟು ನಿವೃತ್ತರಾದ, ಧಾರವಾಡ ಕಡೆಯ ಹೆಂಗಸು. ಚೆನ್ನೈನ ವಡಪಳನಿಯ ನಮ್ಮ ಕಟ್ಟಡದಲ್ಲಿ ಎದುರುಮನೆಯವರು. ತಮಿಳರು, ಕನ್ನಡಿಗರು ಎಲ್ಲರಿಗೂ ಕಾಂಪೌಂಡರಮ್ಮ. ಯಾರಿಗೆ ಕೆಮ್ಮು ಬಂದರೂ ಔಷಧದ ಸೀಸೆ ತರಿಸಿ, ಅದರ ಮೇಲಿನ ಸಣ್ಣಕ್ಷರಗಳನ್ನೆಲ್ಲ ಓದಿದ ಮೇಲೆಯೇ ಮಾತು.

ಅಪ್ಪನ ಶ್ವಾಸಕೋಶಕ್ಕೆ ಕ್ಷಯದಂತೆ ಕಾಣುವ, ಆದರೆ ಕ್ಷಯವಲ್ಲದ ಸೋಂಕು ತಗುಲಿತ್ತು. ಚುಚ್ಚುಮದ್ದಿನಿಂದ ಎಡಗಿವಿ ಮಂದವಾಯಿತೇ ಹೊರತು ಸೋಂಕು ಹೋಗಲಿಲ್ಲ. ಆಗ ವೈದ್ಯರು ಅದೇ ಔಷಧವನ್ನು ಲೈಪೊಸೋಮಿನಲ್ಲಿ ತುಂಬಿದ್ದನ್ನು ಕೊಟ್ಟರು, ನೆಬ್ಯುಲೈಸರಿನಿಂದ ಉಸಿರಿಗೆ ಎಳೆದುಕೊಳ್ಳಲು. ಕಾಂಪೌಂಡರಮ್ಮ ಅಪ್ಪನಿಗೆ ಬಿಡಿಸಿ ಹೇಳಿದರು: “ಕೊಬ್ಬಿನ ಸಣ್ಣ ಸಣ್ಣ ಗುಳ್ಳಿರೀ, ಒಳಗ ಔಷಧ. ರೋಗದ ಹುಳ ಯಾವ ಜೀವಕೋಶದಾಗ ಅಡಗಿ ಕುಂತಾವೋ, ಆ ಜೀವಕೋಶಗಳೇ ಈ ಗುಳ್ಳಿ ನುಂಗತಾವು. ಕಿವೀತನಕ ಹೋಗೂದು ಭಾಳ ಕಡಿಮಿ.”

ಅಪ್ಪ ಉಡುಪಿ ಕಡೆಯಿಂದ ಬಂದು ಕೋಡಂಬಾಕ್ಕಂನಲ್ಲಿ ನಲವತ್ತು ವರ್ಷ ಹೋಟೆಲು ನಡೆಸಿದವರು. ಉಳಿದ ಹಾಲನ್ನು ಫ್ರೀಜರಿಗೆ ಹಾಕುವುದು ಕೈಗೆ ಅಂಟಿದ ಅಭ್ಯಾಸ. ಈ ಔಷಧವೂ ಹಾಲಿನಂತೆ ಬೆಳ್ಳಗಿತ್ತು. ವಾರದ ಸೀಸೆಗಳೆಲ್ಲ ಫ್ರೀಜರು ಸೇರಿದವು. ಅಪ್ಪನೇ ಇಟ್ಟರೆಂದು ಮನೆಯಲ್ಲಿ ಹೇಳುತ್ತೇವೆ. ಇಟ್ಟದ್ದು ನಾನೂ ಇರಬಹುದು. ಅದೇ ಹೋಟೆಲಿನಲ್ಲಿ ಬೆಳೆದವಳು ನಾನು.

ಬೆಳಿಗ್ಗೆ ಸೀಸೆಗಳು ಕರಗುತ್ತಿದ್ದಾಗ ಕಾಂಪೌಂಡರಮ್ಮ ಬಂದರು.

“ಇವನ್ನ ಎಲ್ಲಿಟ್ಟಿದ್ರಿ?”

“ಹಾಲಿನ ಜಾಗದಲ್ಲಿ,” ಎಂದರು ಅಪ್ಪ. “ಪರವಾಯಿಲ್ಲೆ, ಕರಗ್ತಾ ಉಂಟಲ್ಲ ಮಾರಾಯ್ರೆ. ಚೆನ್ನಾಗಿ ಕುಲುಕಿದ್ರೆ ಆಯ್ತು.”

“ಲಸ್ಸಿ ಮಾಡಾಕತ್ತೀರೇನ್ರೀ? ಬರ್ಫ ಆದ್ರ ಗುಳ್ಳಿ ಒಡೀತಾವು. ಒಳಗಿಂದು ಹೊರಗ ಬಂತಂದ್ರ ಮತ್ತ ಅದೇ ಹಳೇ ಔಷಧ. ಇನ್ನೊಂದು ಕಿವಿ ಬ್ಯಾಡೇನು?”

ಅಪ್ಪ ಒಂದು ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಕೊಡಲೇ ಇಲ್ಲ. ಒಂದು ದಿನ ತಪ್ಪಿದರೂ ಸೋಂಕು ಮತ್ತೆ ಮೇಲೇಳುತ್ತದೆಂಬ ಭಯ. ಕಾಂಪೌಂಡರಮ್ಮ ಒಂದೊಂದೇ ಬೆರಳು ಬಿಡಿಸಿ ತೆಗೆದುಕೊಂಡರು. ಆಸ್ಪತ್ರೆಗೆ ತಾವೇ ಫೋನು ಮಾಡಿ, ನಮ್ಮಿಂದ ತಪ್ಪಾಗಿದೆ ಎಂದು ತಮಿಳಿನಲ್ಲಿ ಒಪ್ಪಿಕೊಂಡರು. ‘ನಮ್ಮಿಂದ’ ಎಂದರು, ಇದೊಂದು ಮಾತ್ರ ನನಗೆ ಖಾತ್ರಿ. ಮೂರನೆಯ ದಿನ ಹೊಸ ಸೀಸೆಗಳನ್ನು ಐಸಿಗೆ ತಾಗದಂತೆ ಟವೆಲಿನಲ್ಲಿ ಸುತ್ತಿ, ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ತಂದರು.

ಕೆಲವು ತಿಂಗಳ ಮೇಲೆ ಅಪ್ಪನ ಕಫದ ಪರೀಕ್ಷೆಗಳಲ್ಲಿ ಸೋಂಕು ಕಾಣುವುದು ನಿಂತಿತು. ಕಿವಿಯ ಪರೀಕ್ಷೆಯ ದಿನ ಕಾಂಪೌಂಡರಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅಪ್ಪ ಹೊರಬರುತ್ತಲೇ ಕಾಂಪೌಂಡರಮ್ಮ ಅಭ್ಯಾಸಬಲದಿಂದ ಕೂಗಿದರು: “ಬಲಗಿವಿ ಏನಂತ್ರೀ?”

“ಯಾಕೆ ಕಿರುಚ್ತೀರಿ ಮಾರಾಯ್ರೆ, ಕೇಳ್ತದೆ!”

“ಹಂಗಾರ ಇನ್ನ ಬೈಯಾಕ ತ್ರಾಸಿಲ್ಲ ಬಿಡ್ರಿ.”

ಮೂವರೂ ನಕ್ಕೆವು. ಅಥವಾ ನಾನು ಮಾತ್ರ ನಕ್ಕೆನೋ, ಅವರಿಬ್ಬರೂ ಕಣ್ಣೊರೆಸಿಕೊಂಡರೋ.

ಹೋದ ವರ್ಷ ಕಾಂಪೌಂಡರಮ್ಮ ತೀರಿಕೊಂಡರು. ಗುಳ್ಳೆ ಒಡೆದ ಆ ಔಷಧವನ್ನು ಅಪ್ಪ ತೆಗೆದುಕೊಂಡಿದ್ದರೆ ಏನಾಗುತ್ತಿತ್ತೋ ನಮಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳುವ ಪ್ರಸಂಗವನ್ನು ಅವರು ಬರಗೊಡಲಿಲ್ಲ.