ಅಣ್ಣತಮ್ಮಂದಿರ ಗೋಡೆ ಒಣಗಿಸಿದ ಮೋರಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂಬದಿಯ ಸಂದಿಯಲ್ಲಿ ಹೆಂಗಸೊಬ್ಬರು ಮಡಚಿದ ಗೋಣಿಚೀಲದ ಮೇಲೆ ಕೂತು ಗೋಡೆಯ ಬುಡಕ್ಕೆ ಅಂಗೈ ಒತ್ತಿ ನೋಡುತ್ತಿದ್ದಾರೆ. ಎಡಗೈಗೆ ರಬ್ಬರ್ ಗವಸು, ಬಲಗೈ ಬರಿದು. ಪಕ್ಕದಲ್ಲಿ ಕರಣೆ, ಸುತ್ತಿಗೆ, ಉದ್ದನೆಯ ಬಿದಿರಿನ ಸೀಳು, ಬಟ್ಟೆಗೆ ಹಾಕುವ ನೀಲಿಯ ಬಾಟಲಿ. ಸುತ್ತಲಿನ ನಾಲ್ಕಾರು ಬೀದಿಗಳಿಗೆ ಇವರು ‘ಮೋರಿ ಅಕ್ಕ’.

“ಮನೆಯವರು ಪಾತ್ರೆ ತೊಳೆಯೋಕೆ ಕೂರೋ ಮುಂಚೆ ನೋಡ್ಬೇಕು. ಆಮೇಲೆ ಯಾವ ನೀರು ಯಾರದ್ದು ಅಂತ ಗೊತ್ತಾಗಲ್ಲ,” ಎಂದು ನಮ್ಮತ್ತ ತಿರುಗಿ ಪಿಸುಗುಡುತ್ತಾರೆ. ಒಳಗೆ ಮಗು ಈಗಷ್ಟೇ ಕಣ್ಣು ಮುಚ್ಚಿದೆ.

ಆ ಮಗುವಿನ ಕೆಮ್ಮೇ ಅಕ್ಕನನ್ನು ಇಲ್ಲಿಗೆ ಕರೆಸಿದೆ. ಕೋಣೆಯ ಮೂಲೆಯಲ್ಲಿ ತೇವ ಸೊಂಟದೆತ್ತರಕ್ಕೆ ಏರಿ, ಬಣ್ಣ ಪದರುಪದರಾಗಿ ಉದುರುತ್ತಿದೆ. ಮಂಚವನ್ನು ನಡುಕೋಣೆಗೆ ಎಳೆದಿದ್ದಾರೆ. ಮನೆಯ ಯಜಮಾನ ದರ್ಜಿ. ಗೋಡೆಯ ಆಚೆ ಬದಿಯಲ್ಲಿ ಅವನ ತಮ್ಮ, ಬಸ್ಸಿನ ಚಾಲಕ. ತಮ್ಮನ ಬಚ್ಚಲ ನೀರೇ ತನ್ನ ಗೋಡೆಗೆ ಇಳಿಯುತ್ತಿದೆ ಎಂದು ಅಣ್ಣನ ಹಟ. ತನ್ನ ಬಚ್ಚಲು ಸರಿಯಾಗೇ ಇದೆ ಎಂದು ತಮ್ಮನ ವಾದ. ಮಾತಿಗೆ ಮಾತು ಬೆಳೆದು, ಹೋದ ಮಳೆಗಾಲದಿಂದ ಇಬ್ಬರೂ ಮುಖ ಕೊಟ್ಟು ಮಾತಾಡಿಲ್ಲ. ವಾರಗಿತ್ತಿಯರು ಮಾತ್ರ ತಾರಸಿಯ ಮೇಲೆ ಬಟ್ಟೆ ಒಣಗಿಸುವ ನೆಪದಲ್ಲಿ ಕಷ್ಟಸುಖ ಹಂಚಿಕೊಳ್ಳುತ್ತಾರೆ. ಅಕ್ಕನಿಗೆ ಹೇಳಿಕಳಿಸಿದ್ದು ಅವರೇ.

ಮೋರಿ ಅಕ್ಕ ಮೊದಲು ಗಾರೆ ಹೊರುತ್ತಿದ್ದವರು. ಕಟ್ಟಡಕ್ಕೆ ಕಟ್ಟಿದ್ದ ಸಾರುವೆ ಮುರಿದು ಬಿದ್ದು ಕಾಲು ಮುರಿಯಿತು. ಮೂಳೆ ಕೂಡಿದರೂ ಮೇಲೆ ಹತ್ತುವ ಶಕ್ತಿ ಬರಲಿಲ್ಲ. ಗಂಡ ಮೊದಲೇ ಇಲ್ಲ, ಮಗಳಿನ್ನೂ ಚಿಕ್ಕವಳು, ಮೇಸ್ತ್ರಿಗಳು ಮುಖ ತಿರುಗಿಸಿದರು. ಆಗ ಕೈ ಹಿಡಿದದ್ದು ಪಕ್ಕದ ಬೀದಿಯಲ್ಲಿ ಮೋರಿ ರಿಪೇರಿ ಮಾಡುತ್ತಿದ್ದ ಮುದುಕ.

“‘ಮೇಲೆ ಹತ್ತೋಕಾಗದಿದ್ರೆ ಏನಾಯ್ತಮ್ಮಾ, ಕೂತು ಮಾಡೋ ಕೆಲಸಾನೂ ಇದೆ, ಬಾ’ ಅಂದ್ರು ತಾತ. ನನ್ನ ರಕ್ತಸಂಬಂಧ ಅಲ್ಲ, ಏನೂ ಅಲ್ಲ. ಇವತ್ತು ನನ್ನ ಮನೇಲಿ ಒಲೆ ಉರೀತಿದ್ರೆ ಅವರ ಪುಣ್ಯ,” ಎನ್ನುವಾಗ ಅಕ್ಕನ ಕೈ ತಾನಾಗಿ ಎದೆಗೆ ಹೋಗುತ್ತದೆ. ಎಲ್ಲಿ ಇಳಿಜಾರು ತಪ್ಪಿದೆ, ಯಾವ ಬೆಸುಗೆ ಬಾಯಿಬಿಟ್ಟಿದೆ ಎಂದು ಹುಡುಕುವುದನ್ನು ತಾತನೇ ಕಲಿಸಿದರು. ಆಳದ ಗುಂಡಿಗೆ ಇಳಿಯುವ ಕೆಲಸ ಯಾರೇ ಹೇಳಿದರೂ ಒಪ್ಪಬೇಡ ಎಂದೂ ಹೇಳಿದರು. ಆ ಮಾತನ್ನು ಅಕ್ಕ ಮೀರಿಲ್ಲ. ದಿನಕ್ಕೆ ಎರಡು ಮನೆ, ಮಳೆಗಾಲದಲ್ಲಿ ಊಟಕ್ಕೂ ಪುರುಸೊತ್ತಿಲ್ಲ.

‘ಮೋರಿ’ ಎಂಬ ಹೆಸರು ಮೊದಮೊದಲು ಚುಚ್ಚುತ್ತಿತ್ತಂತೆ. “ಮಗಳು ಶಾಲೆಯಿಂದ ಅಳ್ತಾ ಬಂದಿದ್ಲು. ಈಗ ಅವಳೇ ಫೋನ್ ಎತ್ತಿ, ‘ಮೋರಿ ಅಕ್ಕನ ಮಗಳು, ಹೇಳಿ’ ಅಂತಾಳೆ,” ಎಂದು ನಗುತ್ತಾರೆ.

ಹೊತ್ತು ಏರಿದೆ. ಅಕ್ಕ ಚಾಲಕನ ಬಚ್ಚಲಿಗೆ ನೀಲಿ ಬೆರೆಸಿದ ನೀರು ಸುರಿಯುತ್ತಾರೆ. ಅದು ಬೀದಿಯ ಚರಂಡಿಯಲ್ಲಿ ಸಲೀಸಾಗಿ ಹೊರಬರುತ್ತದೆ. ಆಮೇಲೆ ದರ್ಜಿಯ ಮನೆಯ ಒಗೆಯುವ ಕಲ್ಲಿನ ಮೇಲೆ ಅದೇ ನೀಲಿ ನೀರು ಒಂದು ಬಿಂದಿಗೆ. ಈ ಸಲ ಬೀದಿಯ ತುದಿಗೆ ಒಂದು ಹನಿಯೂ ಬರುವುದಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯ ಬುಡದಲ್ಲಿ ನೀಲಿ ಜಿನುಗುತ್ತದೆ. ಅಕ್ಕ ಬಿದಿರಿನ ಸೀಳು ತೂರಿಸಿ ನೋಡಿದರೆ, ಬೈಕು ನಿಲ್ಲಿಸಲೆಂದು ದರ್ಜಿಯೇ ಮೋರಿಯ ಮೇಲೆ ಹಾಸಿದ್ದ ಕಲ್ಲುಚಪ್ಪಡಿ ಕುಸಿದು, ಅಡಿಯ ಕೊಳವೆ ಒಡೆದಿದೆ.

ದರ್ಜಿಯ ಮುಖ ಸಣ್ಣದಾಗುತ್ತದೆ. ಅಕ್ಕ ಅವನತ್ತ ನೋಡುವುದಿಲ್ಲ. ಚಪ್ಪಡಿಯ ಅಂಚಿನ ಮಣ್ಣು ಕೆರೆಯುತ್ತಾ, “ಇದನ್ನ ಎತ್ತೋಕೆ ಇಬ್ಬರು ಬೇಕಣ್ಣಾ. ನನ್ನ ಕಾಲು ಕೇಳಲ್ಲ,” ಎಂದಷ್ಟೇ ಹೇಳುತ್ತಾರೆ.

ದರ್ಜಿ ನಿಧಾನಕ್ಕೆ ಪಕ್ಕದ ಮನೆಯ ಬಾಗಿಲಿಗೆ ನಡೆಯುತ್ತಾನೆ. “ನಂದೇ ತಪ್ಪು ಕಣೋ. ಸ್ವಲ್ಪ ಕೈ ಹಾಕ್ತೀಯಾ?” ತಮ್ಮ ಕೆಲಸಕ್ಕೆ ಹೊರಟು ನಿಂತವನು. ಸಮವಸ್ತ್ರದ ತೋಳು ಮಡಚಿಕೊಂಡು ಬಂದು ಚಪ್ಪಡಿಗೆ ಕೈ ಕೊಡುತ್ತಾನೆ. “ನೀನು ಆ ಕಡೆ ಹಿಡಿ ಅಣ್ಣ. ಸೊಂಟ ಹುಷಾರು.” ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ದರ್ಜಿಯ ಹೆಂಡತಿ ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾಳೆ.

ಹೊಸ ಕೊಳವೆ ಕೂರಿಸಿ, ಇಳಿಜಾರು ಸರಿಪಡಿಸುವಷ್ಟರಲ್ಲಿ ಮಧ್ಯಾಹ್ನವಾಗುತ್ತದೆ. “ಗೋಡೆ ಕುಡಿದ ನೀರು ಆರೋವರೆಗೂ ಬಣ್ಣ ಮುಟ್ಟಬೇಡಿ,” ಎಂದು ಹೇಳಿ ಅಕ್ಕ ಹೊರಡುತ್ತಾರೆ.

ಎರಡು ತಿಂಗಳ ಮೇಲೆ ವಾರಗಿತ್ತಿಯರು ಮತ್ತೆ ಹೇಳಿಕಳಿಸುತ್ತಾರೆ. ಏನು ಎಡವಟ್ಟಾಯಿತೋ ಎಂದು ಅಕ್ಕ ಗಾಬರಿಯಲ್ಲಿ ಬಂದರೆ, ಅವರು ಹಿತ್ತಲಿಗೆ ಬಿಡದೆ ಕೋಣೆಗೇ ಕರೆದೊಯ್ಯುತ್ತಾರೆ. ಗೋಡೆ ಒಣಗಿ ಬೆಚ್ಚಗಿದೆ. ಮಂಚ ತನ್ನ ಜಾಗಕ್ಕೆ ಮರಳಿದೆ, ಮಗು ಅದರ ಮೇಲೆ ಕುಣಿಯುತ್ತಿದೆ. ದರ್ಜಿ ತನ್ನ ಕುರ್ಚಿಯನ್ನೇ ಎಳೆದು ಕೊಟ್ಟು, “ಕೂತ್ಕೊಳ್ಳಿ ಅಕ್ಕ. ಮಗು ರಾತ್ರಿಯೆಲ್ಲ ನಿದ್ದೆ ಮಾಡುತ್ತೆ ಈಗ,” ಎನ್ನುತ್ತಾನೆ.

ಇಷ್ಟು ವರ್ಷ ಹಿತ್ತಲುಗಳಲ್ಲೇ ಓಡಾಡಿದ ಅಕ್ಕ ಕುರ್ಚಿಯ ತುದಿಯಲ್ಲಿ ಕೂರುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ನಾವು ಕೇಳಿದರೆ, ವಾರಗಿತ್ತಿಯರು ಕೊಟ್ಟ ಚಹಾದ ಲೋಟ ಕೈಯಲ್ಲಿ ತಿರುಗಿಸುತ್ತಾ ಯೋಚಿಸುತ್ತಾರೆ.

“ನಾನು ಕೆಲಸ ಮಾಡಿದ ಮನೆಯವರು ಮತ್ತೆ ನನ್ನ ಕರೀಬಾರದು, ಅಷ್ಟೇ,” ಎಂದವರು ಒಂದು ಗುಟುಕು ಕುಡಿದು ಸೇರಿಸುತ್ತಾರೆ: “ಕರೆದ್ರೂ ಹೀಗೆ, ಚಹಾಕ್ಕೆ ಕರೀಲಿ.”