ಪೈಪಿನ ಮೇಲೆ ಮೂರು ಏಟು

ದೆವ್ವ ಕಂಡೆ, ಸದ್ದು ಕೇಳಿದೆ ಎನ್ನುವವರನ್ನು ಮುಖ ನೋಡದೆ ಬೈದವಳು ನಾನು. ಹೊಟ್ಟೆ ತುಂಬ ಉಂಡು ಮಲಗಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಿದ್ದೆ. ಓದಿದ್ದು ನಾಲ್ಕನೇ ಕ್ಲಾಸು. ಸುಳ್ಳು ಕಟ್ಟಿ ಬರೆಯುವಷ್ಟು ಬುದ್ಧಿ ನನಗಿಲ್ಲ. ನಂಬಿದರೆ ನಂಬಿ, ಬಿಟ್ಟರೆ ಬಿಡಿ.

ತಿಪಟೂರಿನ ಹತ್ತಿರದ ಒಂದು ಕಾಲೇಜಿನ ಬಾಯ್ಲರ್ ಮನೆಯಲ್ಲಿ ಏಳು ವರ್ಷ ಬೆಂಕಿ ನೋಡಿಕೊಂಡೆ. ಹಾಸ್ಟೆಲ್ ಮಕ್ಕಳ ಸ್ನಾನದ ನೀರು, ಅಡುಗೆಮನೆಯ ಹಬೆ ಎಲ್ಲ ಅಲ್ಲಿಂದಲೇ. ಉರಿಸುವುದು ಕೊಬ್ಬರಿ ತೆಗೆದ ಚಿಪ್ಪು. ನೋಡಲು ಹಗುರ, ಹತ್ತಿಕೊಂಡರೆ ಕಬ್ಬಿಣ ಕೆಂಪಾಗುವ ಕಾವು. ಯಂತ್ರದ ಜವಾಬ್ದಾರಿ ಸಿದ್ದರಾಜುವಿನದು; ಕಂದಿಕೆರೆ ಕಡೆಯವನು, ಸರ್ಟಿಫಿಕೇಟು ಇದ್ದ ಆಪರೇಟರ್. ಅವನು ಒಳಗೆ, ನಾನು ಹೊರಗೆ ಒಲೆಯ ಬಾಯಲ್ಲಿ, ಮಧ್ಯೆ ಗೋಡೆ. ಪಂಪಿನ ಗದ್ದಲದಲ್ಲಿ ಕೂಗಿದರೆ ಕೇಳಿಸದು. ಅದಕ್ಕೆ ಅವನು ಸ್ಪ್ಯಾನರಿನಿಂದ ಪೈಪಿಗೆ ಬಡಿಯುತ್ತಿದ್ದ. ಒಂದು ಏಟಿಗೆ ಚಿಪ್ಪು ಹಾಕು, ಎರಡಕ್ಕೆ ಸಾಕು, ಮೂರಕ್ಕೆ ಬೆಂಕಿಯನ್ನೆಲ್ಲ ಹೊರಗೆ ಎಳೆ. ಈ ಗುರುತು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಮೂರು ಏಟು ಒಂದು ಸಲವೂ ಬಿದ್ದಿರಲಿಲ್ಲ.

ನೀರು ಕಡಿಮೆಯಾದರೆ ಬಾಯ್ಲರ್ ಸಿಡಿಯುತ್ತದೆ. ಹಾಗಾಗಿ ಬೆಂಕಿ ಹಚ್ಚುವ ಮೊದಲು ಅವನು ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆಯ ಕೆಳಗಿನ ನಲ್ಲಿ ಬಿಟ್ಟು ಪರೀಕ್ಷೆ ಮಾಡಬೇಕು; ಗಾಜಿನ ನೀರು ಇಳಿದು ಮತ್ತೆ ಏರಿದರೆ ಸರಿ. ಒಂದು ದಿನ ಕಿಬ್ಬನಹಳ್ಳಿಯಲ್ಲಿ ಬಸ್ಸು ತಪ್ಪಿ ತಡವಾಗಿ ಬಂದ. ಅಷ್ಟರಲ್ಲಿ ಮಕ್ಕಳು ಬಕೆಟ್ ಬಡಿಯುತ್ತಿದ್ದರು. ಗಾಜಿನಲ್ಲಿ ಅರ್ಧ ನೀರು ಕಂಡಿತು, ನಾನೇ ಹಚ್ಚಿಬಿಟ್ಟೆ. ಉರಿಯುತ್ತಿದ್ದದ್ದು ನೋಡಿ, ಬಂದ ಮೇಲೆ ಅವನೂ ಪರೀಕ್ಷೆ ಮಾಡಲಿಲ್ಲ. ತಪ್ಪು ನನ್ನದೇ.

ಹತ್ತು ಗಂಟೆಗೆ ಸಿದ್ದರಾಜು ನನ್ನ ಪಕ್ಕದಲ್ಲೇ ನಿಂತು ಟೀ ಕುಡಿಯುತ್ತಿದ್ದ. ಸ್ಪ್ಯಾನರ್ ಅವನ ಜೇಬಿನಲ್ಲಿತ್ತು. ಒಳಗಿನಿಂದ ಮೂರು ಏಟು ಕೇಳಿಸಿತು. ಅವಸರವಿಲ್ಲ, ಒಂದಾದ ಮೇಲೆ ಒಂದು.

ಇಬ್ಬರೂ ಒಳಗೆ ಹೋಗಿ ನೋಡಿದೆವು. ಯಾರೂ ಇಲ್ಲ.

"ಪೈಪು ಕಾದ್ರೆ ಸದ್ದು ಮಾಡ್ತದೆ ಕಣಜ್ಜಿ. ಗಾಜು ನೋಡು, ಅರ್ಧ ನೀರದೆ. ಹೋಗಿ ಚಿಪ್ಪು ಹಾಕು."

"ಮೂರು ಬಿದ್ರೆ ಎಳಿ ಅಂತ ನೀನೇ ತಾನೇ ಹೇಳಿದ್ದು?"

"ನಾನು ಬಡಿದ್ರೆ ಅಂದಿದ್ದು! ಮಧ್ಯಾಹ್ನದ ಅನ್ನ ಬೇಯದಿದ್ರೆ ನನ್ನ ಕೆಲಸ ಹೋಯ್ತದೆ."

"ಹೋದ್ರೆ ಹೋಗ್ಲಿ ಬುಡು, ಎಮ್ಮೆ ಕಾಯ್ಕಂಡಿರು."

ಸಲಾಕೆ ಹಿಡಿದು ಕೆಂಡವನ್ನೆಲ್ಲ ಎಳೆದು ಹಾಕಿದೆ. ನನ್ನ ಬಾಯಿ ಮುಚ್ಚಿಸಬೇಕೆಂದೇ ಅವನು ಗಾಜಿನ ಕೆಳಗಿನ ನಲ್ಲಿ ತಿರುಗಿಸಿದ. ನೀರು ಇಳಿದು ಹೋಯಿತು. ಮತ್ತೆ ಏರಲಿಲ್ಲ, ಬರೀ ಹಬೆ. ಬೋರಿನ ನೀರಿನ ಸುಣ್ಣ ಕಟ್ಟಿ, ಬಾಯ್ಲರಿನಿಂದ ಕೊಳವೆಗೆ ನೀರು ಬರುವ ದಾರಿ ಮುಚ್ಚಿಹೋಗಿತ್ತು. ನಾವು ನೋಡುತ್ತಿದ್ದದ್ದು ಗಾಜಿನಲ್ಲಿ ಸಿಕ್ಕಿಕೊಂಡ ಹಳೆಯ ನೀರು. ಬಾಯ್ಲರಿನೊಳಗೆ ತಳ ಕಂಡಿತ್ತು. ಇನ್ನೆರಡು ಬುಟ್ಟಿ ಚಿಪ್ಪು ಬಿದ್ದು, ಆ ಕಾವಿಗೆ ಪಂಪಿನ ತಣ್ಣೀರು ಹರಿದಿದ್ದರೆ ಗೋಡೆ ಸಮೇತ ನಾವಿಬ್ಬರೂ ಇರುತ್ತಿರಲಿಲ್ಲ.

ಸಿದ್ದರಾಜು ನೆಲಕ್ಕೆ ಕೂತ. "ಬಡಿದಿದ್ದು ಯಾರಜ್ಜಿ?" ಎಂದ. ನನಗೇನು ಗೊತ್ತು. ಕಾದ ಪೈಪಿನ ಸದ್ದನ್ನು ದಿನಾ ಕೇಳಿದವಳು ನಾನು. ಇದು ಸ್ಪ್ಯಾನರಿನ ಏಟು.

ನಾನು ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಸಿದ್ದರಾಜು ಅಲ್ಲೇ ಇದ್ದಾನೆ. ಹೋದ ವಾರ ಬೆಳಿಗ್ಗೆ ನಮ್ಮ ಬಚ್ಚಲೊಲೆಗೆ ಚಿಪ್ಪು ಹಾಕುತ್ತಿದ್ದೆ. ಹಂಡೆಯ ಮೇಲೆ ಮೂರು ಏಟು ಬಿತ್ತು. ಬಚ್ಚಲಲ್ಲಿ ನಾನೊಬ್ಬಳೇ. ಹಂಡೆ ತುಂಬ ನೀರಿತ್ತು. ಆದರೂ ಬೆಂಕಿ ಎಳೆದೆ. ಅವನಿಗೆ ಫೋನ್ ಮಾಡಿ "ಮೂರು ಬಿತ್ತು ಕಣಪ್ಪ" ಎಂದೆ. ಈ ಸಲ ಅವನು ವಾದ ಮಾಡಲಿಲ್ಲ. ಫೋನಿನಲ್ಲೇ ಸಲಾಕೆಯ ಸದ್ದು ಕೇಳಿಸಿತು.

ಅರ್ಧ ಗಂಟೆ ಬಿಟ್ಟು ಅವನೇ ಫೋನ್ ಮಾಡಿದ. ಗಾಜು, ಪಂಪು, ನಲ್ಲಿ ಎಲ್ಲ ಸರಿಯಾಗಿವೆಯಂತೆ. "ಈಗೇನ್ಮಾಡ್ಲಿ ಅಜ್ಜಿ, ಹಚ್ಲಾ?"

ಹಚ್ಚು ಎನ್ನಲು ಧೈರ್ಯವಿರಲಿಲ್ಲ. ಬೇಡ ಎನ್ನಲು ಕಾರಣವಿರಲಿಲ್ಲ. ಇನ್ನೊಂದು ಸಲ ನಲ್ಲಿ ತಿರುಗಿಸಿ ನೋಡ್ತೀನಿ ಎಂದು ಅವನು ಫೋನ್ ಇಟ್ಟ. ಮಧ್ಯಾಹ್ನ ಅಲ್ಲಿ ಅನ್ನ ಬೆಂದಿತಂತೆ. ಇಲ್ಲಿ ನಾನು ಅವತ್ತಿನಿಂದ ತಣ್ಣೀರಿನಲ್ಲೇ ಮೀಯುತ್ತಿದ್ದೇನೆ.